ಒಂಬತ್ತು ಹಗಲು, ಒಂಬತ್ತು ರಾತ್ರಿ

ಫುಟ್‌ಬಾಲ್ ಪಂದ್ಯ 90 ನಿಮಿಷದ್ದು ಎನ್ನುವುದು ಬಾಯಿಮಾತು. ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಲ್ಲಿ 2022–23ರಲ್ಲಿ ಚೆಂಡು ನಿಜಕ್ಕೂ ಆಟದಲ್ಲಿದ್ದದ್ದು ಪಂದ್ಯಕ್ಕೆ ಸರಾಸರಿ 55 ನಿಮಿಷಕ್ಕೂ ಕಡಿಮೆ. ಉಳಿದ 35 ನಿಮಿಷವನ್ನು ವರ್ಷದ 380 ಪಂದ್ಯಗಳಿಗೆ ಗುಣಿಸಿ: 13,300 ನಿಮಿಷ. ಒಂಬತ್ತು ಹಗಲು, ಒಂಬತ್ತು ರಾತ್ರಿ ಚೆಂಡು ಸುಮ್ಮನೆ ನಿಂತಿತ್ತು!

ಇದೆಲ್ಲವೂ ಕಳ್ಳತನವಲ್ಲ. ಆದರೆ ಕದಿಯುವವರು ಚಿಲ್ಲರೆಯಲ್ಲೇ ಕದಿಯುತ್ತಾರೆ. ಪಂದ್ಯದಲ್ಲಿ 40 ಥ್ರೋ-ಇನ್ ಎಂದುಕೊಳ್ಳಿ. ಒಂದೊಂದಕ್ಕೂ ಬೇಕೆಂದೇ 10 ಸೆಕೆಂಡು ಎಳೆದರೆ ಆರೂವರೆ ನಿಮಿಷಕ್ಕೂ ಹೆಚ್ಚು ಮಾಯ. ಯಾವ ರೆಫರಿ ತಾನೇ 10 ಸೆಕೆಂಡಿಗೆ ಕಾರ್ಡ್ ತೋರಿಸಿಯಾನು?

ಇನ್ನು ಮೊಣಕಾಲು ಹಿಡಿದು ಹೊರಳಾಡುವವರ ವಿಷಯ. ಅಮೆರಿಕದ ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯದ ಸಂಶೋಧಕರು ಅಂತರರಾಷ್ಟ್ರೀಯ ಪಂದ್ಯಗಳ ದೃಶ್ಯಗಳನ್ನು ಕೂತು ನೋಡಿ ಎಣಿಸಿದರು. ಪುರುಷರು ಪಂದ್ಯಕ್ಕೆ 11ಕ್ಕೂ ಹೆಚ್ಚು ಸಲ ಗಾಯವಾಯಿತೆಂದು ಬಿದ್ದಿದ್ದರು. ಮಹಿಳೆಯರು ಅದರ ಅರ್ಧದಷ್ಟು. ರಕ್ತ ಬಂದ, ಇಲ್ಲವೇ ಐದು ನಿಮಿಷದೊಳಗೆ ಆಟ ಬಿಟ್ಟ ಖಚಿತ ಪ್ರಕರಣಗಳು ಪುರುಷರಲ್ಲಿ ನೂರಕ್ಕೆ ಏಳರಷ್ಟು. ಮಿಕ್ಕಿದ್ದೆಲ್ಲ ನಾಟಕವೆಂದಲ್ಲ, ಆದರೂ ಅಂತರ ದೊಡ್ಡದು.

ನಿಯಮ ಬದಲಾದರೆ ಏನಾಗುತ್ತದೆ? 1990ರ ವಿಶ್ವಕಪ್‌ನಲ್ಲಿ 52 ಪಂದ್ಯಕ್ಕೆ 115 ಗೋಲು. ಸಹ ಆಟಗಾರ ಬೇಕೆಂದೇ ಕಾಲಿಂದ ಕೊಟ್ಟ ಚೆಂಡನ್ನು ಗೋಲ್‌ಕೀಪರ್ ಕೈಯಲ್ಲಿ ಹಿಡಿಯುವಂತಿಲ್ಲ ಎಂಬ ನಿಯಮ 1992ರಲ್ಲಿ ಬಂತು. 1994ರಲ್ಲಿ ಅಷ್ಟೇ 52 ಪಂದ್ಯಕ್ಕೆ 141 ಗೋಲು. ಗೆದ್ದರೆ ಎರಡರ ಬದಲು ಮೂರು ಅಂಕ ಸಿಗತೊಡಗಿದ್ದೂ ಇದಕ್ಕೊಂದು ಕಾರಣ.

2025ರ ಬದಲಾವಣೆ ಇನ್ನೂ ವಿಚಿತ್ರ. ಗೋಲ್‌ಕೀಪರ್ ಚೆಂಡು ಹಿಡಿದುಕೊಳ್ಳಲು ಮೊದಲು 6 ಸೆಕೆಂಡಿನ ಮಿತಿ ಇತ್ತು. ಮೀರಿದರೆ ಗೋಲಿನ ಮುಂದೆಯೇ ಎದುರಾಳಿಗೆ ಇನ್‌ಡೈರೆಕ್ಟ್ ಫ್ರೀ ಕಿಕ್. ಅಷ್ಟು ಕಠಿಣ ಶಿಕ್ಷೆ ಕೊಡಲು ರೆಫರಿಗಳು ಹಿಂಜರಿದರು, ನಿಯಮ ಪುಸ್ತಕದಲ್ಲೇ ಉಳಿಯಿತು. ಈಗ 8 ಸೆಕೆಂಡು, ತಪ್ಪಿದರೆ ಬರೀ ಕಾರ್ನರ್ ಕಿಕ್. ಆದರೆ ಕೊನೆಯ ಐದು ಸೆಕೆಂಡನ್ನು ರೆಫರಿ ಕೈಯೆತ್ತಿ ಬೆರಳಲ್ಲಿ ಎಣಿಸುತ್ತಾರೆ. ಸಮಯ ಹೆಚ್ಚಿತು, ಶಿಕ್ಷೆ ಇಳಿಯಿತು, ಹಿಡಿತ ಬಿಗಿಯಾಯಿತು.

ಶಿರಾಳಕೊಪ್ಪ, ಸೊರಬದ ಕಡೆ ಹೊನಲು ಬೆಳಕಿನ ಕಬಡ್ಡಿ ನೋಡಿ ಬೆಳೆದವರಿಗೆ ಇದರಲ್ಲಿ ಹೊಸದೇನಿಲ್ಲ. ನಾಲ್ಕು ಅಂಕ ಮುಂದಿರುವ ತಂಡದ ರೈಡರ್ ಬಾಕ್ ಲೈನ್ ದಾಟಿ, ಬೋನಸ್ ಗೆರೆಯತ್ತ ಸುಮ್ಮನೆ ಕಾಲು ಚಾಚಿ ವಾಪಸ್ ಬರುತ್ತಾನೆ. ಸುತ್ತ ನಿಂತವರು ಕೂಗುತ್ತಾರೆ: ‘ಏಯ್, ಟೈಮ್ ಪಾಸ್ ಮಾಡ್ಬೇಡ, ಆಡೋ!’ ಪ್ರೊ ಕಬಡ್ಡಿ ಇದಕ್ಕೂ ಮದ್ದು ಅರೆದಿದೆ: ಸತತ ಎರಡು ರೈಡ್ ಬರಿಗೈಯಾದರೆ ಮೂರನೆಯದರಲ್ಲಿ ಅಂಕ ತರಲೇಬೇಕು, ಇಲ್ಲವಾದರೆ ರೈಡರ್ ಔಟ್. ರೈಡಿಗೆ 30 ಸೆಕೆಂಡು ಮೀರುವಂತಿಲ್ಲ. ಗಡಿಯಾರ ಬರುವ ಮೊದಲೂ ‘ಕಬಡ್ಡಿ ಕಬಡ್ಡಿ’ ಎನ್ನುವ ಉಸಿರೇ ಅಳತೆ: ಉಸಿರು ಕಡಿದರೆ ಆಟ ಮುಗಿಯಿತು.

ಕೋಟಿಗಟ್ಟಲೆ ಸಂಬಳದ ಆಟ ಎಂಟು ಸೆಕೆಂಡು ಎಣಿಸಲು ಕಲಿತದ್ದು ಈಗ. ಕಳ್ಳನನ್ನು ಹೆದರಿಸುವುದು ಶಿಕ್ಷೆಯ ಗಾತ್ರವಲ್ಲ, ಎಲ್ಲರ ಕಣ್ಣೆದುರಿಗೆ ನಡೆಯುವ ಎಣಿಕೆ.