ಹಾಲು ಸಾಗಿಸುವ ವಾಹನ: ಗಾಳಿ ಎಷ್ಟು, ಹೊರೆ ಎಷ್ಟು?



ಹಸುವಿನ ಕೆಚ್ಚಲನ್ನು ದಿನಕ್ಕೆ ಎರಡು ಬಾರಿ ಮುಟ್ಟಿ ನೋಡುವ ನಾವು, ಆ ಹಾಲನ್ನು ಸಂಘಕ್ಕೆ ತಲುಪಿಸುವ ವಾಹನದ ಟೈರನ್ನು ವರ್ಷಕ್ಕೆ ಎಷ್ಟು ಬಾರಿ ನೋಡುತ್ತೇವೆ? ಹಿಂದೆ ಹಾಲಿನ ಪಾತ್ರೆ ಹಿಡಿದು ಗದ್ದೆಯ ಹುಣಿಯ ಮೇಲೆ ನಡೆದೇ ಸಂಘಕ್ಕೆ ಹೋಗುತ್ತಿದ್ದ ಮನೆಗಳಲ್ಲಿ ಇಂದು ಸ್ಕೂಟರ್ ಇದೆ, ಕಾರು ಇದೆ, ಕೆಲವರಲ್ಲಿ ಗೂಡ್ಸ್ ರಿಕ್ಷಾ ಅಥವಾ ಪಿಕಪ್ ಇದೆ. ಹಾಲು, ಪಶು ಆಹಾರದ ಚೀಲ, ಹಿಂಡಿ, ಬೈಹುಲ್ಲು, ಒಮ್ಮೊಮ್ಮೆ ಕರು, ಎಲ್ಲವೂ ಅದರಲ್ಲೇ ಸಾಗಬೇಕು.

ಪೆರ್ಡೂರಿನ ಸುತ್ತಮುತ್ತಲಿನ ಸದಸ್ಯರಿಗೆ ಈ ವಿಷಯ ಇನ್ನಷ್ಟು ಹತ್ತಿರದ್ದು. ಉಡುಪಿ, ಮಣಿಪಾಲ, ಹಿರಿಯಡ್ಕ ದಾಟಿ ಪೆರ್ಡೂರಿನ ಮೂಲಕ ಹೆಬ್ರಿ, ಆಗುಂಬೆಯತ್ತ ಹೋಗುವ ರಾಷ್ಟ್ರೀಯ ಹೆದ್ದಾರಿ 169ಎಯಲ್ಲಿ ಏರು, ಇಳಿತ, ತಿರುವುಗಳು ಬೇಕಾದಷ್ಟಿವೆ. ಹೆದ್ದಾರಿಯಿಂದ ಮನೆಗಳಿಗೆ ಹೋಗುವ ಒಳದಾರಿಗಳು ಅದಕ್ಕಿಂತ ಕಡಿದು. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನಷ್ಟು ಮಳೆ ಸುರಿಯುವ ಜಿಲ್ಲೆ ನಮ್ಮದು. ಸಂಕ್ರಮಣದಂದು ಅನಂತಪದ್ಮನಾಭ ದೇವರಿಗೆ ಬಾಳೆಹಣ್ಣು ಅರ್ಪಿಸಲು ಬರುವ ಭಕ್ತರ ವಾಹನಗಳೂ ಇದೇ ದಾರಿಯಲ್ಲಿ. ಇಂಥ ಕಡೆ ಟೈರು ಕೈಕೊಟ್ಟರೆ ಹೋಗುವುದು ಹಾಲು ಮಾತ್ರವಲ್ಲ, ಮನೆಯ ದುಡಿಯುವ ಕೈಯೂ ಹೋದೀತು. ಆದುದರಿಂದ ಟೈರಿನ ಗಾಳಿ ಮತ್ತು ಹೊರೆಯ ಬಗ್ಗೆ ತಿಳಿದಿರಬೇಕಾದ ಮುಖ್ಯ ವಿಷಯಗಳನ್ನು ಇಲ್ಲಿ ಕೊಡಲಾಗಿದೆ.

ಹೊರೆ ಹೊರುವುದು ಗಾಳಿ

ಗಾಳಿ ತುಂಬಿದ ಟೈರನ್ನು ಬಳಕೆಗೆ ತಂದವರು ಒಬ್ಬ ಪಶುವೈದ್ಯರು ಎಂದರೆ ನಿಮಗೆ ಆಶ್ಚರ್ಯವಾಗಬಹುದು. ಸ್ಕಾಟ್ಲೆಂಡಿನಲ್ಲಿ ಹುಟ್ಟಿ ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ ಪಶುವೈದ್ಯರಾಗಿದ್ದ ಜಾನ್ ಬಾಯ್ಡ್ ಡನ್‌ಲಪ್, ತಮ್ಮ ಮಗನ ಮೂರು ಗಾಲಿಯ ಸೈಕಲ್ಲಿಗೆಂದು ಇಂಥ ಟೈರು ಮಾಡಿ 1888ರಲ್ಲಿ ಪೇಟೆಂಟ್ ಪಡೆದರು. ರಾಬರ್ಟ್ ಥಾಮ್ಸನ್ ಎಂಬವರು 1845ರಲ್ಲೇ ಇಂಥದೊಂದನ್ನು ಯೋಚಿಸಿದ್ದರೂ ಅದು ಬಳಕೆಗೆ ಬಂದಿರಲಿಲ್ಲ.

ಟೈರಿನ ರಬ್ಬರು ಒಂದು ಚೀಲವಿದ್ದಂತೆ. ವಾಹನದ ಭಾರವನ್ನು ಬಹುಪಾಲು ಹೊರುವುದು ಒಳಗಿನ ಗಾಳಿಯ ಒತ್ತಡ. ಒಂದು ಸಣ್ಣ ಕಾರು ಜನರೂ ಸೇರಿ 1,200 ಕಿಲೋ ತೂಗುತ್ತದೆ ಎಂದಿಟ್ಟುಕೊಳ್ಳಿ. ಒಂದೊಂದು ಚಕ್ರದ ಮೇಲೆ 300 ಕಿಲೋ. ಗಾಳಿ 30 ಪೌಂಡ್ ಇದ್ದರೆ, ಅಂದರೆ ಒಂದು ಚದರ ಸೆಂಟಿಮೀಟರಿಗೆ ಸುಮಾರು 2.1 ಕಿಲೋ ಒತ್ತಡವಿದ್ದರೆ, ಆ ಚಕ್ರ ನೆಲಕ್ಕೆ ತಾಗುವ ಜಾಗ ಸುಮಾರು 140 ಚದರ ಸೆಂಟಿಮೀಟರ್. ಹೆಚ್ಚುಕಡಿಮೆ ಒಂದು ಅಂಗೈಯಗಲ! ಬ್ರೇಕು ಹಿಡಿಯುವುದು, ತಿರುವಿನಲ್ಲಿ ಜಾರದಿರುವುದು ಎಲ್ಲವೂ ಇಂಥ ನಾಲ್ಕು ಅಂಗೈಗಳ ಹಿಡಿತದಲ್ಲಿವೆ. ಸ್ಕೂಟರಿಗೆ ಎರಡೇ ಅಂಗೈ, ಅವೂ ಚಿಕ್ಕವು.

ಗಾಳಿ ಕಡಿಮೆಯಾದರೆ ಏನಾಗುತ್ತದೆ?

ಗಾಳಿ ಕಡಿಮೆಯಾದಾಗ ಟೈರು ಚಪ್ಪಟೆಯಾಗಿ, ಪ್ರತಿ ಸುತ್ತಿಗೂ ಅದರ ಪಕ್ಕದ ಗೋಡೆ ಮಡಚಿ ಬಿಡಿಸಿಕೊಳ್ಳುತ್ತದೆ. ಒಂದು ತಂತಿಯನ್ನು ಹಿಂದೆ ಮುಂದೆ ಬಗ್ಗಿಸುತ್ತಿದ್ದರೆ ಅದು ಬಿಸಿಯಾಗಿ ಕೊನೆಗೆ ತುಂಡಾಗುವುದನ್ನು ನೀವು ನೋಡಿರಬಹುದು. ಟೈರಿನೊಳಗೆ ನಡೆಯುವುದೂ ಅದೇ. ಶಾಖ ಏರಿ ಪದರಗಳು ಬಿಡುತ್ತವೆ, ಹೊರೆ ಹೆಚ್ಚಿದ್ದರೆ ಟೈರು ಸಿಡಿಯುತ್ತದೆ. ಸಿಡಿಯದಿದ್ದರೂ ಅಂಚುಗಳು ಬೇಗ ಸವೆಯುತ್ತವೆ, ಪೆಟ್ರೋಲು ಡೀಸೆಲ್ ಹೆಚ್ಚು ಖರ್ಚಾಗುತ್ತದೆ.

ಗಾಳಿ ಹೆಚ್ಚಾದರೂ ತೊಂದರೆಯೇ. ಆಗ ಟೈರಿನ ನಡುಭಾಗ ಮಾತ್ರ ನೆಲಕ್ಕೆ ತಾಗಿ ಹಿಡಿತ ಕಡಿಮೆಯಾಗುತ್ತದೆ, ಹೊಂಡಕ್ಕೆ ಬಿದ್ದಾಗ ಏಟು ಜೋರಾಗುತ್ತದೆ. ನಿಮ್ಮ ಟೈರಿನ ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ, ನಡುಭಾಗ ಸವೆದಿದ್ದರೆ ಗಾಳಿ ಹೆಚ್ಚು ಎಂದು ತಿಳಿಯಿರಿ.

ಮಳೆಗಾಲದ ಅಪಾಯ ಬೇರೆಯೇ. ರಸ್ತೆಯಲ್ಲಿ ನೀರು ನಿಂತಾಗ ವೇಗ ಒಂದು ಮಿತಿ ದಾಟಿದರೆ ಟೈರು ನೆಲ ಬಿಟ್ಟು ನೀರಿನ ಮೇಲೆ ತೇಲುತ್ತದೆ. ಆಗ ಬ್ರೇಕೂ ಇಲ್ಲ, ಸ್ಟೇರಿಂಗೂ ಇಲ್ಲ. ಅಮೆರಿಕದ ನಾಸಾ ಸಂಸ್ಥೆ 1960ರ ದಶಕದಲ್ಲಿ ವಿಮಾನದ ಟೈರುಗಳ ಅಧ್ಯಯನದಿಂದ ಕೊಟ್ಟ ಸ್ಥೂಲ ಲೆಕ್ಕದಂತೆ, 30 ಪೌಂಡ್ ಗಾಳಿಯ ಟೈರು ಗಂಟೆಗೆ ಸುಮಾರು 90 ಕಿ.ಮೀ. ವೇಗದಲ್ಲಿ ತೇಲತೊಡಗಿದರೆ, 20 ಪೌಂಡ್ ಗಾಳಿಯದ್ದು ಸುಮಾರು 75 ಕಿ.ಮೀ. ವೇಗದಲ್ಲೇ ತೇಲುತ್ತದೆ. ಟೈರು ನುಣ್ಣಗಾಗಿದ್ದರೆ ಅದಕ್ಕೂ ಮೊದಲೇ. ಕಾರಿನ ಟೈರಿನ ಗೆರೆಗಳು ಕನಿಷ್ಠ 1.6 ಮಿ.ಮೀ. ಆಳವಿರಬೇಕು. ಗೆರೆಯ ತಳದಲ್ಲಿ ಅಡ್ಡಲಾಗಿರುವ ಸಣ್ಣ ದಿಂಡು ಮೇಲ್ಭಾಗಕ್ಕೆ ಸಮವಾದರೆ ಟೈರಿನ ಆಯುಷ್ಯ ಮುಗಿಯಿತೆಂದೇ ಅರ್ಥ.

ಎಷ್ಟು ಗಾಳಿ ಹಾಕಿಸಬೇಕು?

“ಕಣ್ಣಂದಾಜಿನಲ್ಲಿ ಗಾಳಿ ಇದೆ” ಎನ್ನುವುದು ಸಲ್ಲದು. ಈಗಿನ ಟೈರುಗಳಲ್ಲಿ ಕಾಲುಭಾಗ ಗಾಳಿ ಇಳಿದರೂ ಹೊರಗಿನಿಂದ ಗೊತ್ತಾಗುವುದಿಲ್ಲ. ಹಾಲಿನ ಜಿಡ್ಡನ್ನು ಕಣ್ಣಂದಾಜಿನಲ್ಲಿ ಹೇಳಿದರೆ ನೀವು ಒಪ್ಪುತ್ತೀರಾ? ಟೈರಿಗೂ ಅಳತೆ ಬೇಕು.

1. ಸರಿಯಾದ ಸಂಖ್ಯೆ ವಾಹನದಲ್ಲೇ ಇದೆ. ಕಾರಿನಲ್ಲಿ ಸಾಮಾನ್ಯವಾಗಿ ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ ಅಂಟಿಸಿದ ಚೀಟಿಯಲ್ಲಿ, ಸ್ಕೂಟರ್ ಬೈಕುಗಳಲ್ಲಿ ಚೀಟಿ ಅಥವಾ ಕೈಪಿಡಿಯಲ್ಲಿ ನೋಡಿರಿ. ಒಬ್ಬರಿದ್ದಾಗ ಎಷ್ಟು, ಪೂರ್ತಿ ಹೊರೆ ಇದ್ದಾಗ ಎಷ್ಟು ಎಂದು ಬೇರೆ ಬೇರೆ ಕೊಟ್ಟಿದ್ದರೆ, ಹೊರೆ ಹಾಕುವ ದಿನ ಹೆಚ್ಚಿನದನ್ನೇ ಹಾಕಿಸಿರಿ.

2. ಟೈರಿನ ಪಕ್ಕದಲ್ಲಿ ಮುದ್ರಿಸಿದ ಸಂಖ್ಯೆ ಆ ಟೈರು ತಾಳುವ ಗರಿಷ್ಠ ಒತ್ತಡ. ಅಷ್ಟು ಹಾಕಿಸಬಾರದು.

3. ಟೈರು ತಣ್ಣಗಿರುವಾಗ ನೋಡಬೇಕು. ವಾಹನ ಮೂರು ಗಂಟೆ ನಿಂತಿರಬೇಕು, ಇಲ್ಲವೇ ಒಂದೂವರೆ ಕಿ.ಮೀ.ಗಿಂತ ಹೆಚ್ಚು ಓಡಿರಬಾರದು. ಬೆಳಗ್ಗೆ ಹಾಲು ಕೊಂಡೊಯ್ಯುವ ಮೊದಲಿನ ಹೊತ್ತೇ ಇದಕ್ಕೆ ಪ್ರಶಸ್ತ. ಓಡಿ ಬಿಸಿಯಾದ ಟೈರಿನಲ್ಲಿ ಒತ್ತಡ ಏರುವುದು ಸಹಜ. ಹೆಚ್ಚಾಯಿತೆಂದು ಆಗ ಗಾಳಿ ಬಿಟ್ಟರೆ, ತಣಿದಾಗ ಕಡಿಮೆಯಾಗುತ್ತದೆ.

4. ಒಳ್ಳೆಯ ಟೈರಿನಿಂದಲೂ ತಿಂಗಳಿಗೆ ಒಂದೆರಡು ಪೌಂಡ್ ಗಾಳಿ ತಾನಾಗಿ ಇಳಿಯುತ್ತದೆ. ಹವೆ ಸುಮಾರು 6 ಡಿಗ್ರಿ ತಂಪಾದರೆ ಇನ್ನೊಂದು ಪೌಂಡ್ ಇಳಿಯುತ್ತದೆ. ಆದುದರಿಂದ ಬೇಸಗೆಯಲ್ಲಿ ಹಾಕಿಸಿದ್ದನ್ನು ಮಳೆ ಹಿಡಿದ ಮೇಲೆ ತಪ್ಪದೆ ನೋಡಿರಿ.

5. ಸ್ಟೆಪ್ನಿಯ ಗಾಳಿಯನ್ನೂ ಮರೆಯದಿರಿ. ವಾಲ್ವಿನ ಟೋಪಿ ಬಿದ್ದುಹೋಗಿದ್ದರೆ ಹೊಸದು ಹಾಕಿಸಿರಿ. ಕೆಸರು ಒಳಹೊಕ್ಕರೆ ಅಲ್ಲಿಂದಲೇ ಗಾಳಿ ಸೋರುತ್ತದೆ.

ನೈಟ್ರೋಜನ್ ಹಾಕಿಸಬೇಕೇ ಎಂದು ಕೇಳುವವರಿದ್ದಾರೆ. ನಾವು ಉಸಿರಾಡುವ ಗಾಳಿಯಲ್ಲೇ ಶೇಕಡಾ 78 ನೈಟ್ರೋಜನ್ ಇದೆ. ತಿಂಗಳಿಗೊಮ್ಮೆ ಅಳತೆ ನೋಡುವವರಿಗೆ ಮಾಮೂಲು ಗಾಳಿಯೇ ಸಾಕು.

ಎಚ್ಚರಿಸುವ ದೀಪವಿರುವ ಕಾರುಗಳು

ಈಗ ಬರುವ ಹಲವು ಕಾರುಗಳಲ್ಲಿ ಗಾಳಿ ಇಳಿದಾಗ ಚಾಲಕನ ಮುಂದೆ ಹಳದಿ ದೀಪ ಹೊತ್ತುತ್ತದೆ. ಕುದುರೆಲಾಳದಂಥ ಆಕಾರ, ಒಳಗೊಂದು ಆಶ್ಚರ್ಯಸೂಚಕ ಚಿಹ್ನೆ. ಇದರಲ್ಲಿ ಎರಡು ಬಗೆ. ಒಂದರಲ್ಲಿ ಚಕ್ರದೊಳಗೇ ಇರುವ ಸಣ್ಣ ಉಪಕರಣ ಒತ್ತಡವನ್ನು ಅಳೆದು ರೇಡಿಯೋ ಮೂಲಕ ತಿಳಿಸುತ್ತದೆ. ಇನ್ನೊಂದು, ಗಾಳಿ ಇಳಿದ ಚಕ್ರ ಕೊಂಚ ಕಿರಿದಾಗಿ ಉಳಿದವಕ್ಕಿಂತ ವೇಗವಾಗಿ ಸುತ್ತುವುದನ್ನು ಗುರುತಿಸುತ್ತದೆ.

ಇದು ಕಡ್ಡಾಯವಾಗುವುದರ ಹಿಂದೆ ದೊಡ್ಡ ದುರಂತವಿದೆ. ಅಮೆರಿಕದಲ್ಲಿ ಓಡುತ್ತಿರುವಾಗಲೇ ಟೈರಿನ ಮೇಲ್ಪದರ ಕಿತ್ತು ವಾಹನಗಳು ಮಗುಚಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. 2000ದ ಆಗಸ್ಟಿನಲ್ಲಿ ಫೈರ್‌ಸ್ಟೋನ್ ಕಂಪೆನಿ ಸುಮಾರು 65 ಲಕ್ಷ ಟೈರುಗಳನ್ನು ವಾಪಸು ಪಡೆಯಬೇಕಾಯಿತು. ಅದೇ ವರ್ಷ ಅಲ್ಲಿ ಹೊಸ ಕಾಯ್ದೆ ಬಂದು, 2007ರ ಸೆಪ್ಟೆಂಬರಿನಿಂದ ಎಲ್ಲ ಹೊಸ ಲಘು ವಾಹನಗಳಿಗೂ ಈ ದೀಪ ಕಡ್ಡಾಯವಾಯಿತು. ನಮ್ಮ ದೇಶದಲ್ಲಿ 2020ರಲ್ಲಿ ನಿಯಮ ತಿದ್ದಿ, ಈ ವ್ಯವಸ್ಥೆಯೂ ಟ್ಯೂಬಿಲ್ಲದ ಟೈರು ರಿಪೇರಿಯ ಸಾಮಗ್ರಿಯೂ ಇರುವ ಕಾರುಗಳಿಗೆ ಸ್ಟೆಪ್ನಿ ಇರಲೇಬೇಕೆಂದಿಲ್ಲ ಎಂದು ಮಾಡಲಾಯಿತು. ಹೊಸ ಕಾರು ಕೊಳ್ಳುವವರು ಸ್ಟೆಪ್ನಿ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ.

ದೀಪವಿದೆಯೆಂದು ನಿಶ್ಚಿಂತರಾಗಬೇಡಿ. ಅಮೆರಿಕದ ನಿಯಮವೂ ಗಾಳಿ ಶೇಕಡಾ 25ರಷ್ಟು ಇಳಿದಾಗ ಎಚ್ಚರಿಸಿದರೆ ಸಾಕೆನ್ನುತ್ತದೆ. ಹೊರೆ ಹೊತ್ತ ವಾಹನಕ್ಕೆ ಅದು ತಡವಾದ ಎಚ್ಚರಿಕೆ.

ಹೊರೆಯ ಲೆಕ್ಕ ಹೀಗೆ

ನಿಮ್ಮ ಆರ್.ಸಿ.ಯಲ್ಲಿ ಎರಡು ತೂಕಗಳಿರುತ್ತವೆ: ಖಾಲಿ ವಾಹನದ ತೂಕ ಮತ್ತು ಹೊರೆ ಸಹಿತ ಗರಿಷ್ಠ ತೂಕ. ಎರಡರ ವ್ಯತ್ಯಾಸವೇ ನೀವು ಹಾಕಬಹುದಾದ ಹೊರೆ. ಚಾಲಕನೂ ಆ ಹೊರೆಯಲ್ಲೇ ಸೇರುತ್ತಾನೆ.

ಉದಾಹರಣೆಗೆ, ಗೂಡ್ಸ್ ರಿಕ್ಷಾ ಒಂದರ ಖಾಲಿ ತೂಕ 450 ಕಿಲೋ, ಗರಿಷ್ಠ ತೂಕ 950 ಕಿಲೋ ಎಂದಿರಲಿ. ವ್ಯತ್ಯಾಸ 500. ಚಾಲಕನ ತೂಕ 70 ಕಿಲೋ ಕಳೆದರೆ ಉಳಿಯುವುದು 430. ಒಂದು ಲೀಟರ್ ಹಾಲು ಸುಮಾರು 1.03 ಕಿಲೋ ತೂಗುವುದರಿಂದ 40 ಲೀಟರ್ ಹಾಲು 41 ಕಿಲೋ, ಕ್ಯಾನು ಸುಮಾರು 8 ಕಿಲೋ, ಒಟ್ಟು 49 ಕಿಲೋ. ಎಂಟು ಕ್ಯಾನಿಗೆ 392 ಕಿಲೋ ಆಯಿತು. “ಹೇಗೂ ಹೋಗುತ್ತದಲ್ಲ” ಎಂದು 50 ಕಿಲೋದ ಒಂದು ಪಶು ಆಹಾರದ ಚೀಲ ಸೇರಿಸಿದರೆ 442 ಆಗಿ ಮಿತಿ ಮೀರಿತು.

ಕಾರಿನ ಲೆಕ್ಕವೂ ಹೀಗೆಯೇ. 400 ಕಿಲೋ ಹೊರಬಲ್ಲ ಸಣ್ಣ ಕಾರಿನಲ್ಲಿ 65 ಕಿಲೋದ ನಾಲ್ವರು ಕುಳಿತರೆ 260 ಕಿಲೋ. ಉಳಿದ 140 ಕಿಲೋದಲ್ಲಿ ಎರಡು ಚೀಲ ಹಿಡಿಯುತ್ತದೆ, ಮೂರನೆಯದು ಹಿಡಿಯುವುದಿಲ್ಲ. ಡಿಕ್ಕಿಯಲ್ಲಿ ಜಾಗವಿದೆ ಎಂಬುದು ಅಳತೆಯಲ್ಲ.

ಹೊರೆ ಇಡುವ ಕ್ರಮ

ಭಾರವಾದುದು ಕೆಳಗೆ, ಹಗುರವಾದುದು ಮೇಲೆ, ಎಡಬಲ ಸಮ. ಇದು ಮೊದಲ ಪಾಠ. ಭಾರ ಎತ್ತರಕ್ಕೆ ಹೋದಷ್ಟೂ ತಿರುವಿನಲ್ಲಿ ವಾಹನ ವಾಲುತ್ತದೆ.

ಭಾರವನ್ನು ಹಿಂದಿನ ಚಕ್ರಗಳ ಅಚ್ಚಿಗಿಂತ ಹಿಂದಕ್ಕೆ ಒಟ್ಟಬಾರದು. ಹಾಗೆ ಮಾಡಿದರೆ ಮುಂಭಾಗ ಹಗುರವಾಗಿ ಹ್ಯಾಂಡಲ್, ಸ್ಟೇರಿಂಗು ಹಿಡಿತಕ್ಕೆ ಸಿಗುವುದಿಲ್ಲ. ಮುಂದೆ ಒಂದೇ ಚಕ್ರವಿರುವ ರಿಕ್ಷಾದಲ್ಲಿ ಏರು ಹತ್ತುವಾಗ ಇದು ಬಹಳ ಅಪಾಯ. ಕಾರಿನ ಡಿಕ್ಕಿ ತುಂಬಿದಾಗ ಹೆಡ್‌ಲೈಟಿನ ಬೆಳಕು ಮೇಲಕ್ಕೆದ್ದು ಎದುರಿನವರ ಕಣ್ಣಿಗೆ ಹೊಡೆಯುತ್ತದೆ ಎಂಬುದನ್ನೂ ನೆನಪಿಡಿ.

ಅರ್ಧ ತುಂಬಿದ ಕ್ಯಾನಿನಲ್ಲಿ ಹಾಲು ತುಳುಕಾಡಿ ವಾಹನವನ್ನೇ ಎಳೆಯುತ್ತದೆ. ಎರಡು ಅರ್ಧ ಕ್ಯಾನುಗಳಿಗಿಂತ ಒಂದು ತುಂಬಿದ ಕ್ಯಾನು ಒಳ್ಳೆಯದು. ಕ್ಯಾನುಗಳನ್ನು ಒಂದಕ್ಕೊಂದು ತಾಗಿಸಿ ನಿಲ್ಲಿಸಿ ಹಗ್ಗದಿಂದ ಬಿಗಿಯಿರಿ. ಸ್ಕೂಟರಿನಲ್ಲಿ ಒಂದೇ ಬದಿಗೆ ಕ್ಯಾನು ತೂಗುಹಾಕುವುದು, ಬ್ರೇಕು ತುಳಿಯಲು ಅಡ್ಡವಾಗುವಂತೆ ಕಾಲಿನ ನಡುವೆ ಇಡುವುದು ಬೇಡ.

ಘಟ್ಟದ ಮೇಲಿಂದ ಬೈಹುಲ್ಲು ತರಿಸುವವರು ಮೂರು ಮಾತು ಗಮನಿಸಿರಿ. ಒಂದು, ಹುಲ್ಲು ನೆನೆದರೆ ತೂಕ ಬಹಳ ಏರುತ್ತದೆ, ಟರ್ಪಾಲು ಹೊದಿಸಿರಿ. ಎರಡು, ಎತ್ತರ ಒಟ್ಟಿದ ಹುಲ್ಲಿಗೆ ವಿದ್ಯುತ್ ತಂತಿ ತಾಗಿದರೆ ಬೆಂಕಿ ಹಿಡಿಯುತ್ತದೆ. ಹುಲ್ಲಿನ ಮೇಲೆ ಆಳುಗಳನ್ನು ಕೂರಿಸುವುದಂತೂ ಕೂಡದು. ಮೂರು, ಆಗುಂಬೆ ಘಾಟಿಯ 14 ಹಿಮ್ಮುರಿ ತಿರುವುಗಳನ್ನು ಕೆಳಗಿನ ಗೇರಿನಲ್ಲೇ ಇಳಿಯಬೇಕು. ಬ್ರೇಕನ್ನೇ ಒತ್ತಿಕೊಂಡು ಇಳಿದರೆ ಅದು ಕಾದು ಹಿಡಿಯದೆ ಹೋಗುತ್ತದೆ. ಮಳೆಗಾಲದಲ್ಲಿ ಅಲ್ಲಿ ಘನವಾಹನಗಳಿಗೆ ನಿರ್ಬಂಧ ಹಾಕುವುದುಂಟು, ವಿಚಾರಿಸಿಯೇ ಹೊರಡಿರಿ.

ದನ ಸಾಗಿಸುವಾಗ

ದನ ಚೀಲದಂತೆ ಸುಮ್ಮನಿರುವ ಹೊರೆಯಲ್ಲ. ಸುಮಾರು 400 ಕಿಲೋ ತೂಗುವ ಮಿಶ್ರತಳಿ ಹಸು ನಿಂತಲ್ಲೇ ಹೆಜ್ಜೆ ಬದಲಿಸಿದರೂ ಸಣ್ಣ ವಾಹನ ಓಲಾಡುತ್ತದೆ. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2015ರಲ್ಲಿ ಸೇರಿಸಿದ ನಿಯಮದಂತೆ ಒಂದು ಹಸುವಿಗೆ 2 ಚದರ ಮೀಟರ್ ಜಾಗ ಮತ್ತು ನಡುವೆ ತಡೆ ಇರಬೇಕು. 1978ರ ಪ್ರಾಣಿ ಸಾಗಾಟ ನಿಯಮಗಳಂತೆ ಪ್ರಯಾಣಕ್ಕೆ ಯೋಗ್ಯವೆಂಬ ಪಶುವೈದ್ಯರ ಪ್ರಮಾಣಪತ್ರವೂ ಬೇಕು. ಕಾಲು ಜಾರದಂತೆ ನೆಲಕ್ಕೆ ಹುಲ್ಲು ಹಾಸಿರಿ. ತಿರುವಿನಲ್ಲಿ, ಬ್ರೇಕಿನಲ್ಲಿ ನಿಧಾನವಿರಲಿ. ಗರ್ಭ ಧರಿಸಿದ ಹಸು ಬಿದ್ದರೆ ಆಗುವ ನಷ್ಟ ನಿಮಗೆ ಹೇಳಬೇಕಾಗಿಲ್ಲ.

ದಂಡಕ್ಕಿಂತ ದೊಡ್ಡದು

2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿ ಮಿತಿಮೀರಿದ ಹೊರೆಗೆ 20,000 ರೂಪಾಯಿ, ಹೆಚ್ಚಿನ ಪ್ರತಿ ಟನ್ನಿಗೆ ಮತ್ತೆ 2,000 ರೂಪಾಯಿ ದಂಡವನ್ನು ಹೇಳಿದೆ. ಹೆಚ್ಚಿನ ಹೊರೆಯನ್ನು ಅಲ್ಲೇ ಇಳಿಸಬೇಕಾಗುತ್ತದೆ. ಆದರೆ ಸದಸ್ಯರು ಯೋಚಿಸಬೇಕಾದುದು ದಂಡಕ್ಕಿಂತ ಮುಂದಿನದನ್ನು. ದಾರಿಯಲ್ಲಿ ಒಂದು ಪಂಚರಾಗಿ ಒಂದು ಗಂಟೆ ನಿಂತರೆ, ಕರೆದ ಬಿಸಿಯಲ್ಲೇ ಇರುವ ಹಾಲಿನಲ್ಲಿ ಬ್ಯಾಕ್ಟೀರಿಯಾಗಳು ಇಮ್ಮಡಿ, ನಾಲ್ಮಡಿಯಾಗುತ್ತಾ ಹೋಗುತ್ತವೆ. ಹಾಲು ಒಡೆದರೆ ಒಂದು ಹೊತ್ತಿನ ದುಡಿಮೆ ಹೋಯಿತು. ಟೈರು ಸಿಡಿದು ವಾಹನ ಮಗುಚಿದರೆ ಹೋಗುವುದನ್ನು ಯಾವ ವಿಮೆಯೂ ತುಂಬಿಕೊಡಲಾರದು.

ಗಾಳಿ ಅಳೆಯುವ ಗೇಜಿಗೆ ಆಗುವ ಖರ್ಚು ಕೆಲವು ನೂರು ರೂಪಾಯಿ. ಒಬ್ಬರೇ ಕೊಳ್ಳಲಾಗದಿದ್ದರೆ ನೆರೆಹೊರೆಯ ನಾಲ್ಕು ಮನೆಯವರು ಸೇರಿ ಒಂದನ್ನು ಇಟ್ಟುಕೊಳ್ಳಬಹುದು. ಪ್ರತಿ ಸಂಕ್ರಮಣದ ಬೆಳಗ್ಗೆ ವಾಹನ ಹೊರಡಿಸುವ ಮೊದಲು ಎಲ್ಲ ಚಕ್ರಗಳನ್ನೂ ಸ್ಟೆಪ್ನಿಯನ್ನೂ ಅಳೆದು ನೋಡುವ ರೂಢಿ ಮಾಡಿಕೊಂಡರೆ ತಿಂಗಳಿಗೊಮ್ಮೆ ಎಂಬ ನಿಯಮ ತಾನಾಗಿ ಪಾಲನೆಯಾಗುತ್ತದೆ. ದೂರ ಹೋಗುವ ದಿನ, ಹೊರೆ ಹಾಕುವ ದಿನ ಇನ್ನೊಮ್ಮೆ ನೋಡಿರಿ. ಐದು ನಿಮಿಷದ ಕೆಲಸ. ಈ ತಿಂಗಳಿಂದಲೇ ಆರಂಭಿಸಿರಿ.