ಕಂಪ್ರೆಶನ್ ಎಷ್ಟಿದ್ದರೆ ಕ್ಷೇಮ?

ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಸಾದಲಿ ಕಡೆಯ ಗಾಳಿ ಇಂಜಿನ್‌ಗಳ ತಪ್ಪನ್ನು ಮುಚ್ಚಿಡುತ್ತದೆ. ಈ ಸೀಮೆ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿಯ ಒತ್ತಡ ಕರಾವಳಿಗಿಂತ ಹೆಚ್ಚುಕಡಿಮೆ ಶೇ 10ರಷ್ಟು ಕಡಿಮೆ. ಸಿಲಿಂಡರ್ ಒಂದೊಂದು ಸಲಕ್ಕೆ ಎಳೆದುಕೊಳ್ಳುವ ಗಾಳಿಯೂ ಅಷ್ಟೇ ಕಡಿಮೆ. ಹೆಡ್ ಫೇಸಿಂಗ್ ಮಾಡಿಸಿ (ಅಂದರೆ ಹೆಡ್ಡಿನ ತಳವನ್ನು ಲೇತಿನಲ್ಲಿ ಕೆತ್ತಿಸಿ), ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತಂದ ಪಿಸ್ಟನ್ ಹಾಕಿಸಿ, ಕಂಪ್ರೆಶನ್ ಏರಿಸಿದ ಬುಲೆಟ್ ಶಿಡ್ಲಘಟ್ಟದಿಂದ ಸಾದಲಿಗೆ, ಅಲ್ಲಿಂದ ನಂದಿಬೆಟ್ಟಕ್ಕೆ ಯಾವ ತಕರಾರೂ ಇಲ್ಲದೆ ಓಡಾಡಿಕೊಂಡಿರಬಹುದು. ಏಪ್ರಿಲ್ ಬಿಸಿಲಿನಲ್ಲಿ ಅದೇ ಗಾಡಿಯನ್ನು ಮಂಗಳೂರಿಗೆ ಒಯ್ದು, ವಾಪಸು ಬರುವಾಗ ಹಿಂದೆ ಒಬ್ಬರನ್ನು ಕೂರಿಸಿಕೊಂಡು ಗುಂಡ್ಯದಿಂದ ಶಿರಾಡಿ ಘಾಟಿ ಹತ್ತಿಸಿದರೆ ಟ್ಯಾಂಕಿನ ಕೆಳಗಿಂದ ಟಿಣ್ ಟಿಣ್ ಎಂಬ ಸದ್ದು ಶುರುವಾಗುತ್ತದೆ. ಮೆಕ್ಯಾನಿಕ್‌ಗಳು ‘ನಾಕಿಂಗ್’ ಎನ್ನುವುದು ಇದನ್ನೇ. ಗೇಜ್ ಹಾಕಿ ನೋಡಿದರೂ ವ್ಯತ್ಯಾಸ ಕಾಣುತ್ತದೆ. ಸಾದಲಿಯಲ್ಲಿ 135 ಪಿಎಸ್‌ಐ ತೋರಿಸುವ ಇಂಜಿನ್ ಮಂಗಳೂರಿನಲ್ಲಿ 150ರ ಹತ್ತಿರ ತೋರಿಸುತ್ತದೆ.

ಆದ್ದರಿಂದ ಕಂಪ್ರೆಶನ್ ಎಷ್ಟಿರಬೇಕು ಎಂಬ ತೀರ್ಮಾನವನ್ನು ಮನೆ ಮುಂದಿನ ರಸ್ತೆಯನ್ನು ನೋಡಿ ಮಾಡುವಂತಿಲ್ಲ. ಆ ಗಾಡಿ ಎಂದಾದರೂ ಎದುರಿಸಬಹುದಾದ ಅತಿ ಕೆಟ್ಟ ದಿನವನ್ನು ಲೆಕ್ಕಕ್ಕೆ ಹಿಡಿಯಬೇಕು: ತಗ್ಗಿನ ಊರು, ಉರಿಬಿಸಿಲು, ಏರುರಸ್ತೆ, ಗೊತ್ತಿಲ್ಲದ ಬಂಕಿನ ಪೆಟ್ರೋಲ್.

ಕಂಪ್ರೆಶನ್ ರೇಷಿಯೋ ಎಂದರೆ ಸರಳ ಭಾಗಾಕಾರ. ಪಿಸ್ಟನ್ ಪೂರ್ತಿ ಕೆಳಗಿರುವಾಗ ಸಿಲಿಂಡರಿನಲ್ಲಿರುವ ಜಾಗವನ್ನು, ಪೂರ್ತಿ ಮೇಲೆ ಬಂದಾಗ ಉಳಿಯುವ ಜಾಗದಿಂದ ಭಾಗಿಸಬೇಕು. 2020ರ ಸುಮಾರಿನವರೆಗೂ ಬಂದ ಕಾರ್ಬುರೇಟರ್ ಬುಲೆಟ್ 350ರ ಯುಸಿಇ ಇಂಜಿನ್ನಿನ ಬೋರು 70 ಮಿ.ಮೀ., ಸ್ಟ್ರೋಕು 90 ಮಿ.ಮೀ. ಅಂದರೆ ಪಿಸ್ಟನ್ ಓಡಾಡುವ ಜಾಗ 346 ಸಿಸಿ. ಕಂಪನಿ ಕೊಟ್ಟ ರೇಷಿಯೋ 8.5. ಹಾಗಾದರೆ ಪಿಸ್ಟನ್ ಮೇಲೆ ಉಳಿಯುವ ಜಾಗ ಸುಮಾರು 46 ಸಿಸಿ. ಇದನ್ನು 9.5ಕ್ಕೆ ಏರಿಸಲು ಐದೂವರೆ ಸಿಸಿಯಷ್ಟು ಜಾಗ ಕಡಿಮೆ ಮಾಡಿದರೆ ಸಾಕು. ಬೋರಿನ ಅಗಲಕ್ಕೆ ಹಂಚಿ ನೋಡಿದರೆ ಅದು ಬರೀ 1.4 ಮಿ.ಮೀ. ಲೇತಿನ ಮುಂದೆ ನಿಂತವನಿಗೆ ಇದು ಅರ್ಧ ಗಂಟೆಯ ಕೆಲಸ. ಅಷ್ಟು ಸುಲಭವಾಗಿರುವುದರಿಂದಲೇ ಕೈ ಅತ್ತ ಹೋಗುತ್ತದೆ.

ಬೇಕೆಂದು ಏರಿಸದಿದ್ದರೂ ಏರುವುದುಂಟು. ಸವೆದ ಬ್ಲಾಕನ್ನು ಬೋರ್ ಮಾಡಿಸಿ ಒಂದು ಮಿ.ಮೀ. ಓವರ್‌ಸೈಜ್ ಪಿಸ್ಟನ್ ಹಾಕಿದರೆ, ಹೆಡ್ ಮುಟ್ಟದೆಯೇ 8.5 ಇದ್ದದ್ದು 8.7 ಆಗುತ್ತದೆ. ವರ್ಷಗಟ್ಟಲೆ ಓಡಿ ಒಳಗೆ ಕಟ್ಟಿಕೊಂಡ ಕಾರ್ಬನ್ ಇನ್ನಷ್ಟು ಜಾಗ ತಿನ್ನುತ್ತದೆ.

ಏರಿಸಿದ್ದರಿಂದ ಸಿಗುವುದೇನು? ಇಲ್ಲಿ ಜನರ ನಿರೀಕ್ಷೆಗೂ ಲೆಕ್ಕಕ್ಕೂ ತಾಳೆಯಾಗುವುದಿಲ್ಲ. ಇಂಜಿನಿಯರಿಂಗ್ ಪುಸ್ತಕದ ಆದರ್ಶ ಇಂಜಿನ್ನಿನಲ್ಲಿ 8.5ರಿಂದ 9.5ಕ್ಕೆ ಹೋದರೆ ದಕ್ಷತೆ ಹೆಚ್ಚುವುದು ಶೇ 3ರಷ್ಟು. ಸುಮಾರು 20 ಹಾರ್ಸ್‌ಪವರ್ ಕೊಡುವ ಬುಲೆಟ್‌ಗೆ ಅದು ಅರ್ಧ ಹಾರ್ಸ್‌ಪವರ್‌ಗಿಂತ ಒಂದು ಚೂರು ಹೆಚ್ಚು. 10ರಿಂದ 11ಕ್ಕೆ ಹೋದರೆ ಲಾಭ ಶೇ 2.5. ಮೇಲೆ ಹೋದಂತೆ ಗಳಿಕೆ ಕರಗುತ್ತದೆ, ಅಪಾಯ ಬೆಳೆಯುತ್ತದೆ. ಕಂಪ್ರೆಶನ್ ಏರಿಸಿದ ಮೇಲೆ ಪಿಕಪ್ ಭಾರಿ ಬಂತು ಎಂದು ಹೇಳುವವರ ಗಾಡಿಯಲ್ಲಿ ಬಹುಮಟ್ಟಿಗೆ ಹೊಸ ರಿಂಗು, ಕೂರಿಸಿದ ವಾಲ್ವು, ಸರಿಮಾಡಿದ ಟೈಮಿಂಗ್ ಕೆಲಸ ಮಾಡಿರುತ್ತವೆ.

ಅಪಾಯ ಹುಟ್ಟುವುದು ಶಾಖದಿಂದ. ಸೈಕಲ್ ಪಂಪಿನಲ್ಲಿ ಗಾಳಿ ಒತ್ತುತ್ತಾ ಹೋದರೆ ಅದರ ತುದಿ ಬಿಸಿಯಾಗುವಂತೆ ಸಿಲಿಂಡರಿನೊಳಗಿನ ಗಾಳಿ–ಪೆಟ್ರೋಲ್ ಮಿಶ್ರಣವೂ ಒತ್ತಿದಷ್ಟೂ ಕಾಯುತ್ತದೆ. ಪ್ಲಗ್ ಕಿಡಿ ಹೊತ್ತಿಸಿದ ಮೇಲೆ ಬೆಂಕಿ ಒಂದು ಕಡೆಯಿಂದ ಹಬ್ಬುತ್ತಾ ಹೋಗಬೇಕು. ಹಬ್ಬುವ ಬೆಂಕಿ ಎದುರಿನ ಮೂಲೆಯಲ್ಲಿ ಇನ್ನೂ ಉರಿಯದೆ ಉಳಿದ ಮಿಶ್ರಣವನ್ನು ಮತ್ತಷ್ಟು ಅದುಮುತ್ತದೆ. ಬೆಂಕಿ ಅಲ್ಲಿಗೆ ತಲುಪುವ ಮೊದಲೇ ಅದು ತಾನಾಗಿ ಹೊತ್ತಿಕೊಂಡರೆ ಒತ್ತಡದ ಅಲೆಗಳು ಸಿಲಿಂಡರಿನ ಗೋಡೆಗೆ ಬಡಿಯುತ್ತವೆ. ಟಿಣ್ ಟಿಣ್ ಎಂದು ಕೇಳುವುದು ಆ ಬಡಿತ. ಹೀಗೇ ಬಿಟ್ಟರೆ ರಿಂಗು ಕೂರುವ ಅಂಚು ಒಡೆಯುತ್ತದೆ, ಪಿಸ್ಟನ್ ತಲೆ ತೂತು ಬೀಳುತ್ತದೆ.

ಈ ತಾನಾಗಿ ಹೊತ್ತಿಕೊಳ್ಳುವ ಚಪಲವನ್ನು ಪೆಟ್ರೋಲ್ ಎಷ್ಟು ತಡೆಯಬಲ್ಲದು ಎಂಬುದರ ಅಳತೆಯೇ ಆಕ್ಟೇನ್. ಅದನ್ನು ಅಳೆಯುವ ಯಂತ್ರವೂ ಒಂದು ಇಂಜಿನ್ನೇ. ಒಂದೇ ಸಿಲಿಂಡರಿನ ಆ ಪರೀಕ್ಷಾ ಇಂಜಿನ್ನಿನ ಕಂಪ್ರೆಶನ್ ರೇಷಿಯೋವನ್ನು ಓಡುತ್ತಿರುವಾಗಲೇ ಏರಿಸಿ ಇಳಿಸಬಹುದು. ನಾಕಿಂಗ್ ಶುರುವಾಗುವ ಹಂತವನ್ನು ಐಸೊ–ಆಕ್ಟೇನ್ (100) ಮತ್ತು ಹೆಪ್ಟೇನ್ (0) ಬೆರಕೆಗಳ ಜೊತೆ ಹೋಲಿಸಿ ಅಂಕ ಕೊಡುತ್ತಾರೆ. ಆಕ್ಟೇನ್ ಹೆಚ್ಚಿದ್ದರೆ ಶಕ್ತಿ ಹೆಚ್ಚು ಎಂಬುದು ತಪ್ಪು ನಂಬಿಕೆ. ನಾಕಿಂಗ್ ಇಲ್ಲದ ಮಾಮೂಲಿ ಗಾಡಿಗೆ 100 ಆಕ್ಟೇನ್ ಹಾಕಿಸಿದರೆ ಜೇಬು ಮಾತ್ರ ಹಗುರವಾಗುತ್ತದೆ.

1921ರಲ್ಲಿ ಅಮೆರಿಕದ ಥಾಮಸ್ ಮಿಜ್ಲಿ ಪೆಟ್ರೋಲಿಗೆ ಸೀಸದ ಸಂಯುಕ್ತ ಬೆರೆಸಿ ನಾಕಿಂಗ್ ಅಡಗಿಸುವ ದಾರಿ ಕಂಡುಕೊಂಡ. ಆ ಸೀಸ ಲೋಕದ ಗಾಳಿಯನ್ನೆಲ್ಲ ಕೆಡಿಸಿದ ಮೇಲೆ ಭಾರತದಲ್ಲಿ 2000ದ ಫೆಬ್ರವರಿಯಿಂದ ಸೀಸವಿಲ್ಲದ ಪೆಟ್ರೋಲ್ ಮಾತ್ರ ಮಾರಾಟಕ್ಕೆ ಬಂತು. ಈಗ ಆ ಜಾಗಕ್ಕೆ ಎಥನಾಲ್ ಬಂದಿದೆ. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ನಡೆದ ಇಂಡಿಯಾ ಎನರ್ಜಿ ವೀಕ್‌ನಲ್ಲೇ ಪ್ರಧಾನಿ ಶೇ 20 ಎಥನಾಲ್ ಬೆರೆತ ಇ20 ಪೆಟ್ರೋಲಿಗೆ ಚಾಲನೆ ಕೊಟ್ಟದ್ದು. ಎಥನಾಲ್‌ನ ಆಕ್ಟೇನ್ 108ರ ಆಸುಪಾಸು. 91 ಆಕ್ಟೇನಿನ ಪೆಟ್ರೋಲಿಗೆ ಶೇ 20 ಬೆರೆತರೆ ಅಂಕ 95ರ ಹತ್ತಿರಕ್ಕೆ ಏರುತ್ತದೆ.

ಹಾಗಾದರೆ ಕಂಪ್ರೆಶನ್ ಏರಿಸಲು ಇದೇ ಸುಸಮಯವಲ್ಲವೇ? ಕಾರ್ಬುರೇಟರ್ ಗಾಡಿಗೆ ಅಷ್ಟು ಸಲೀಸಲ್ಲ. ಎಥನಾಲ್ ತನ್ನೊಳಗೇ ಆಮ್ಲಜನಕ ಹೊತ್ತುಕೊಂಡು ಬರುತ್ತದೆ. ಶುದ್ಧ ಪೆಟ್ರೋಲ್ ಒಂದು ಪಾಲಿಗೆ 14.7 ಪಾಲು ಗಾಳಿ ಬೇಕಾದರೆ ಇ20ಕ್ಕೆ 13.5ರಷ್ಟು ಸಾಕು. ಕಾರ್ಬುರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಹಳೆಯ ಜೆಟ್ಟನ್ನೇ ಉಳಿಸಿಕೊಂಡರೆ ಮಿಶ್ರಣ ತೆಳುವಾಗುತ್ತದೆ, ಇಂಜಿನ್ ಕಾಯುತ್ತದೆ. ಆಕ್ಟೇನ್ ಒಂದು ಕೈಯಲ್ಲಿ ಕೊಟ್ಟದ್ದನ್ನು ತೆಳು ಮಿಶ್ರಣ ಇನ್ನೊಂದು ಕೈಯಲ್ಲಿ ಕಿತ್ತುಕೊಳ್ಳುತ್ತದೆ. ಜೆಟ್ ಒಂದೆರಡು ಸೈಜು ದೊಡ್ಡದು ಮಾಡದೆ ಹೆಡ್ ಮುಟ್ಟಬಾರದು. ಇಂಡಿಯನ್ ಆಯಿಲ್ 2020ರ ಡಿಸೆಂಬರಿನಲ್ಲಿ ತಂದ 100 ಆಕ್ಟೇನಿನ ಎಕ್ಸ್‌ಪಿ100 ನಂಬಿಕೊಂಡು ಇಂಜಿನ್ ಕಟ್ಟಿಸುವುದಂತೂ ಹಳ್ಳಿಯವರಿಗೆ ಆಗದ ಮಾತು. ಅದು ಸಿಗುವುದು ದೊಡ್ಡ ನಗರಗಳ ಕೆಲವೇ ಬಂಕುಗಳಲ್ಲಿ.

ಇನ್ನೊಂದು ದೊಡ್ಡ ಸಂಗತಿ ವಾಲ್ವುಗಳನ್ನು ತೆರೆದು ಮುಚ್ಚಿಸುವ ಕ್ಯಾಮ್. ಪಿಸ್ಟನ್ ತಳ ಮುಟ್ಟಿ ಮೇಲೇರಲು ಶುರುಮಾಡಿದ ಮೇಲೂ ಒಳವಾಲ್ವ್ ಸ್ವಲ್ಪ ಹೊತ್ತು ತೆರೆದೇ ಇರುತ್ತದೆ. ಅದು ಮುಚ್ಚುವವರೆಗೆ ನಿಜವಾದ ಒತ್ತುವಿಕೆ ಇಲ್ಲ. ಬುಲೆಟ್ಟಿನಂಥ ಉದ್ದ ಸ್ಟ್ರೋಕಿನ ಇಂಜಿನ್ನಿನಲ್ಲಿ ತಳ ದಾಟಿ 60 ಡಿಗ್ರಿಗೆ ವಾಲ್ವ್ ಮುಚ್ಚುತ್ತದೆ ಎಂದಿಟ್ಟುಕೊಂಡರೆ ಒತ್ತಲು ಉಳಿಯುವುದು ಸ್ಟ್ರೋಕಿನ ಶೇ 80 ಮಾತ್ರ. ಪುಸ್ತಕದ 8.5 ಆಗ ನಿಜದಲ್ಲಿ 7ರಷ್ಟಿರುತ್ತದೆ. 75 ಡಿಗ್ರಿಗೆ ಮುಚ್ಚುವ ರೇಸಿಂಗ್ ಕ್ಯಾಮ್ ಹಾಕಿದರೆ 6.2ಕ್ಕೆ ಇಳಿದು ಗಾಡಿ ಕೆಳಗಿನ ವೇಗದಲ್ಲಿ ಸೋಮಾರಿಯಾಗುತ್ತದೆ. ಅದನ್ನು ಮತ್ತೆ 7ಕ್ಕೆ ತರಲು ಪುಸ್ತಕದ ರೇಷಿಯೋ 9.7 ಆಗಬೇಕು. ಒಬ್ಬನ ಗಾಡಿಯಲ್ಲಿ 9.7 ತೊಂದರೆಯಿಲ್ಲದೆ ಓಡುತ್ತಿದ್ದು, ಮಾಮೂಲಿ ಕ್ಯಾಮ್ ಇರುವ ಇನ್ನೊಬ್ಬನ ಗಾಡಿಯಲ್ಲಿ ಅದೇ 9.7 ಪಿಸ್ಟನ್ ಸುಡುವುದು ಇದರಿಂದ.

2021ರಲ್ಲಿ ಬಂದ ಹೊಸ ಕ್ಲಾಸಿಕ್ 350ಗೆ ಬುಲೆಟ್ ಕಂಪನಿಯೇ 9.5 ಕೊಟ್ಟಿದೆ, ಹಳೆಯದಕ್ಕೆ ಯಾಕಾಗಬಾರದು ಎಂದು ಕೇಳುವವರೂ ಇದ್ದಾರೆ. ಅದರ ಹೆಡ್ ಬೇರೆ, ಕ್ಯಾಮ್ ಇರುವ ಜಾಗ ಬೇರೆ, ಪೆಟ್ರೋಲ್ ಅಳೆದು ಬಿಡುವುದು ಇಸಿಯು ಎಂಬ ಎಲೆಕ್ಟ್ರಾನಿಕ್ ನಿಯಂತ್ರಕ. ಕೆಟಿಎಂ 390ರಂಥ ನೀರಿನಿಂದ ತಂಪಾಗುವ ಇಂಜಿನ್ನು 12 ದಾಟಿಯೂ ಸುಮ್ಮನಿರುತ್ತದೆ. ಅಂಕಿ ಮಾತ್ರ ಎರವಲು ತಂದರೆ ಆ ವ್ಯವಸ್ಥೆಯೆಲ್ಲ ಜೊತೆಗೆ ಬರುವುದಿಲ್ಲ.

ಏರಿಸಲೇಬೇಕು ಎನ್ನುವವನು ಮೊದಲು ಅಳೆಯಬೇಕು, ಅಂದಾಜು ನಡೆಯದು. ಕೆಲಸ ಸಣ್ಣದು. ಹೆಡ್ ಬಿಚ್ಚಿ, ಕಾರ್ಬನ್ ಕೆರೆದು, ವಾಲ್ವ್ ಮತ್ತು ಪ್ಲಗ್ ಹಾಕಿ, ಬೋರಲು ಮಲಗಿಸಿ ನೀರುಮಟ್ಟ ನೋಡಿಕೊಳ್ಳಬೇಕು. ಅಂಚಿಗೆ ತೆಳುವಾಗಿ ಗ್ರೀಸ್ ಸವರಿ ಚಿಕ್ಕ ತೂತಿರುವ ಅಕ್ರಿಲಿಕ್ ಹಾಳೆಯನ್ನು ಒತ್ತಿ ಕೂರಿಸಿ, ಮೆಡಿಕಲ್ ಶಾಪಿನ 20 ಎಂ.ಎಲ್. ಸಿರಿಂಜಿನಲ್ಲಿ ಬಣ್ಣ ಬೆರೆಸಿದ ಸೀಮೆಎಣ್ಣೆಯನ್ನು ತುಂಬುತ್ತಾ ಹೋಗಬೇಕು. ಹಾಳೆಯ ಕೆಳಗೆ ಉಳಿದ ಗಾಳಿಗುಳ್ಳೆ ತೂತಿನ ಕಡೆಗೆ ಸರಿದು ಮಾಯವಾದಾಗ ಎಷ್ಟು ಎಂ.ಎಲ್. ಹೋಯಿತೋ ಅದೇ ಹೆಡ್ಡಿನ ಜಾಗ. ಇದಕ್ಕೆ ಗ್ಯಾಸ್ಕೆಟ್ಟಿನ ದಪ್ಪದ ಲೆಕ್ಕ ಸೇರಿಸಿ, ಪಿಸ್ಟನ್ ತಲೆಯ ಗುಳಿಯಿದ್ದರೆ ಕೂಡಿಸಿ, ಉಬ್ಬಿದ್ದರೆ ಕಳೆಯಬೇಕು. ಫೇಸಿಂಗ್ ಆದ ಮೇಲೆ ಪಿಸ್ಟನ್ ಮೇಲೆ ಮಕ್ಕಳಾಡುವ ಕ್ಲೇ ಇಟ್ಟು ಒಂದು ಸುತ್ತು ಕೈಯಲ್ಲಿ ತಿರುಗಿಸಿ, ಅದು ಎಷ್ಟು ತೆಳ್ಳಗಾಗಿದೆ ನೋಡಬೇಕು. ಪಿಸ್ಟನ್ನಿಗೂ ಹೆಡ್ಡಿಗೂ ಒಂದು ಮಿ.ಮೀ.ಗಿಂತ ಕಡಿಮೆ ಸಂದು ಉಳಿದರೆ ರಸ್ತೆಯ ಗಾಡಿಗೆ ಫೇಸಿಂಗ್ ಜಾಸ್ತಿಯೇ ಆಯಿತು.

ಗಾಳಿಯಿಂದ ತಂಪಾಗುವ, ಎರಡು ವಾಲ್ವಿನ, ಕಾರ್ಬುರೇಟರ್ ಬುಲೆಟ್ ಮಾಮೂಲಿ ಕ್ಯಾಮ್‌ನಲ್ಲಿ 9 ದಾಟದಿರುವುದೇ ಲೇಸು. ಕ್ಯಾಮ್, ಜೆಟ್, ಇಗ್ನಿಶನ್ ಮೂರನ್ನೂ ಬದಲಿಸಿದವನು 9.5ರ ಮಾತಾಡಬಹುದು. ಕಾನೂನಿನ ಕಡೆಯನ್ನೂ ಮರೆಯುವಂತಿಲ್ಲ. ಅನುಮತಿಯಿಲ್ಲದೆ ವಾಹನದ ಮೂಲ ರೂಪ ಬದಲಿಸಿದ ಮಾಲೀಕನಿಗೆ ಮೋಟಾರು ವಾಹನ ಕಾಯ್ದೆಯ 182ಎ ಕಲಮಿನಡಿ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಇಂಜಿನ್ ಕೆಲಸಕ್ಕೆ ಮುಂಚೆ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸುವುದು ಒಳ್ಳೆಯದು.

ಕೆಲಸ ಮುಗಿದ ಗಾಡಿಯ ಪ್ಲಗ್ಗನ್ನು ಮೊದಲ ಘಾಟಿ ಪ್ರಯಾಣದ ನಂತರ ಬಿಚ್ಚಿ, ಬಿಸಿಲಿಗೆ ಹಿಡಿದು ನೋಡಬೇಕು. ಬಿಳಿ ಪಿಂಗಾಣಿಯ ಮೇಲೆ ಕಾಳುಮೆಣಸಿನ ಪುಡಿ ಉದುರಿಸಿದಂತೆ ಕಪ್ಪು ಚುಕ್ಕೆ ಅಥವಾ ಮಿನುಗುವ ಅಲ್ಯುಮಿನಿಯಂ ಕಣ ಕಂಡರೆ ಕಿವಿಗೆ ಕೇಳದಿದ್ದರೂ ಒಳಗೆ ನಾಕಿಂಗ್ ಆಗಿದೆ. ದಾರಿಯಲ್ಲಿ ಸದ್ದು ಕೇಳಿದರೆ ಥ್ರಾಟಲ್ ಇಳಿಸಿ ಒಂದು ಗೇರ್ ಕೆಳಗೆ ಹಾಕಬೇಕು. ಊರಿಗೆ ಬಂದ ಮೇಲೆ ಟೈಮಿಂಗ್ ಎರಡು ಡಿಗ್ರಿ ಹಿಂದೆ ಸರಿಸಿ ನೋಡಬೇಕು. ಅದಕ್ಕೂ ಜಗ್ಗದಿದ್ದರೆ ಬ್ಲಾಕಿನ ಬುಡಕ್ಕೆ ಒಂದೂವರೆ ಮಿ.ಮೀ. ದಪ್ಪದ ಅಲ್ಯುಮಿನಿಯಂ ಪ್ಲೇಟ್ ಕೊಟ್ಟು ಪುಶ್‌ರಾಡ್ ಉದ್ದ ಸರಿಹೊಂದಿಸಿದರೆ, 9.5 ಇದ್ದದ್ದು ಮತ್ತೆ 8.5ರ ಹತ್ತಿರಕ್ಕೆ ಬರುತ್ತದೆ.