ಬಿಡಿಸುವುದು ಬೇರೆ, ಹರಿಯುವುದು ಬೇರೆ

‘ಬಿಡು’ ಎಂಬ ಧಾತುವಿಗೆ ‘ಇಸು’ ಪ್ರತ್ಯಯ ಸೇರಿದರೆ ‘ಬಿಡಿಸು’ ಆಗುತ್ತದೆ. ಕೂಡಿದ್ದನ್ನು ಬೇರೆ ಮಾಡುವುದು ಇದರ ಅರ್ಥ. ಹೊಲದಲ್ಲಿ ಹತ್ತಿ ಬಿಡಿಸುತ್ತಾರೆ, ಕಣದಲ್ಲಿ ಶೇಂಗಾ ಬಿಡಿಸುತ್ತಾರೆ. ಅಡವಿಟ್ಟ ಬಂಗಾರವನ್ನೂ, ಜಗಳವನ್ನೂ, ಲೆಕ್ಕವನ್ನೂ ಬಿಡಿಸುತ್ತಾರೆ. ‘ಮಳೆಗಾಲ’ವನ್ನು ಬಿಡಿಸಿ ಬರೆ ಎಂದು ಶಾಲೆಯಲ್ಲಿ ಹೇಳಿದರೆ ಮಗು ‘ಮಳೆ’, ‘ಕಾಲ’ ಎಂದು ಬರೆಯುತ್ತದೆ. ಕೂಡಿದಾಗ ಗಕಾರವಾಗಿದ್ದದ್ದು ಮರಳಿ ಕಕಾರವಾಗುತ್ತದೆ. ಎರಡು ಪದಗಳೂ ತಮ್ಮ ಮೂಲರೂಪದಲ್ಲಿ ನಿಲ್ಲುತ್ತವೆ. ಬೇರೆಯಾದ ಮೇಲೂ ಯಾವುದೂ ಕೆಡದಿರುವುದೇ ಬಿಡಿಸುವುದರ ಲಕ್ಷಣ.

‘ಹರಿ’ ಎಂಬ ಶಬ್ದ ಹಾಗಲ್ಲ. ಹರಿದ ಹಗ್ಗವನ್ನು ಕೂಡಿಸಿದರೂ ಗಂಟು ಉಳಿಯುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೆಯ ಗೇಟಿನ ಸರಪಳಿ ಹರಿದದ್ದನ್ನು ಚಿತ್ತವಾಡ್ಗಿಯ ರೈತರು ಮರೆಯಲಾರರು. 33 ಗೇಟುಗಳಲ್ಲಿ ಹರಿದದ್ದು ಒಂದರ ಸರಪಳಿ. ಆದರೆ ಒತ್ತಡ ತಗ್ಗಿಸಲು ಉಳಿದ ಗೇಟುಗಳಿಂದಲೂ ನೀರು ಬಿಡಬೇಕಾಯಿತು. ಬೆಳೆಗೆಂದು ಕೂಡಿಟ್ಟ ನೀರು ನದಿಪಾಲಾಯಿತು. ಬಿಡುವ ನೀರು ಲೆಕ್ಕಕ್ಕೆ ಒಳಪಟ್ಟಿರುತ್ತದೆ. ಹರಿದ ಕೊಂಡಿ ಯಾರ ಮಾತನ್ನೂ ಕೇಳುವುದಿಲ್ಲ.

ಮನೆತನಗಳ ಮಾತೂ ಇದೇ. ಅಣ್ಣತಮ್ಮಂದಿರು ಬೇರೆಯಾಗುವುದು ತಪ್ಪಲ್ಲ. ಸಂಸಾರ ಬೆಳೆದಾಗ ಗದ್ದೆ, ಕಬ್ಬಿನ ಹೊಲ ಪಾಲಾಗಲೇಬೇಕು. ಆದರೆ ಬಿಡಿಸಿ ಪಾಲಾಗಿರಿ, ಹರಿದು ಪಾಲಾಗಬೇಡಿರಿ. ಕಾಲುವೆಯ ನೀರಿನ ಸರದಿ, ಹೊಲದ ದಾರಿ, ತಲೆಯ ಮೇಲಿನ ಸಾಲ, ತಂದೆತಾಯಿಗಳ ಆರೈಕೆ ಇವನ್ನೆಲ್ಲ ಹಿರಿಯರ ಮುಂದೆ ಬಿಡಿಸಿ ಮಾತಾಡಿರಿ, ಕಾಗದದ ಮೇಲೆ ಬರೆಯಿರಿ. ‘ಬಿಡಿಸಿ ಹೇಳು’ ಎಂದರೆ ಸ್ಪಷ್ಟವಾಗಿ ಹೇಳು ಎಂದೇ ಅರ್ಥ. ಹೇಳದೆ ಉಳಿದ ಮಾತೇ ಮುಂದೆ ನ್ಯಾಯಾಲಯದ ಮೆಟ್ಟಿಲು ಹತ್ತಿಸುತ್ತದೆ. ಆಸ್ತಿ ಪಾಲಾದ ಮೇಲೂ ಹಬ್ಬಕ್ಕೆ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವವರು ಬಿಡಿಸಿಕೊಂಡವರು. ತಂದೆಯ ಸಾವಿಗೂ ಬಾರದವರು ಹರಿದುಕೊಂಡವರು.

ಶೈವಾಗಮಗಳು ಜೀವವನ್ನು ಪಶುವೆಂದೂ, ಅದನ್ನು ಕಟ್ಟಿದ ಮಲಗಳನ್ನು ಪಾಶವೆಂದೂ ಕರೆಯುತ್ತವೆ. ಶ್ರೀಗುರುವು ದೀಕ್ಷೆಯಿಂದ ಪಾಶವನ್ನು ಬಿಡಿಸುತ್ತಾನೆ. ಕಣ್ಣಿ ಬಿಚ್ಚಿದರೆ ಹಸುವಿಗೆ ನೋವಾಗದು. ಹಾಗೆ ಬಿಡಿಸಿದ ಗುರುವೇ ಅಂಗಕ್ಕೆ ಲಿಂಗವನ್ನು ಕೂಡಿಸುತ್ತಾನೆ. ಆ ಲಿಂಗವನ್ನು ಪ್ರಾಣವಿರುವವರೆಗೆ ಅಗಲಬಾರದೆಂಬುದು ನೇಮ. ಯಾವುದನ್ನು ಬಿಡಿಸಬೇಕು, ಯಾವುದನ್ನು ಅಗಲಬಾರದು ಎಂಬ ವಿವೇಕವೇ ಸಂಸಾರಿಗೂ ಬೇಕಾದ ಧರ್ಮ. ಹೊಲಕ್ಕೆ ಬದುವಿರಲಿ, ಮನಸ್ಸಿಗೆ ಬೇಡ.